ನಾಲ್ಕು ಚಕ್ರವೂ ಒಟ್ಟಿಗೆ ಇಳಿದರೆ

ಸೋಮವಾರ ಬೆಳಗ್ಗೆ ನಮ್ಮ ಸಿಸ್ಟರ್ ಅವರ ಬಿಳಿ ನಿಲುವಂಗಿಯ ಮೇಲೆ, ಎರಡೂ ಮೊಣಕಾಲಿನ ಜಾಗದಲ್ಲಿ, ಬಟ್ಟಲಗಲದ ಕೆಂಪು ಮಣ್ಣಿನ ಕಲೆ ಇರುತ್ತಿತ್ತು. ಸಣ್ಣ ತರಗತಿಯ ಮಕ್ಕಳು ಅದನ್ನು ಪ್ರಾರ್ಥನೆಯ ಗುರುತು ಎಂದುಕೊಂಡಿದ್ದರು. ಪ್ರಾರ್ಥನೆಯ ಕೋಣೆಯ ನೆಲವನ್ನು ದಿನಕ್ಕೆರಡು ಸಲ ಒರೆಸುತ್ತಿದ್ದರು, ಅಲ್ಲಿ ಮಣ್ಣು ಎಲ್ಲಿಂದ ಬರಬೇಕು? ಸಿಸ್ಟರ್ ಮಂಡಿಯೂರುತ್ತಿದ್ದದ್ದು ಕಾನ್ವೆಂಟಿನ ಹಿತ್ತಲಲ್ಲಿ, ಕಾರಿನ ಒಂದೊಂದು ಟೈರಿನ ಪಕ್ಕ. ಕೈಯಲ್ಲಿ ಗಾಳಿ ಅಳೆಯುವ, ಪೆನ್ನಿನಂತಹ ಒಂದು ಗೇಜು.

ಚನ್ನಪಟ್ಟಣದಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. ಮಂಗಳೂರು ಕಡೆಯವರು, ನಮ್ಮ ಕಡೆಗೆ ಬಂದು ಎಷ್ಟೋ ವರ್ಷವಾಗಿತ್ತು. ನಾನು ಓದು ಮುಗಿಸಿ, ಮದುವೆಯಾಗಿ, ಅದೇ ಊರಿನ ಇನ್ನೊಂದು ಬೀದಿಯಲ್ಲಿ ಸಂಸಾರ ಹೂಡಿದೆ. ಗಂಡನಿಗೆ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ, ಹೆಚ್ಚಾಗಿ ರಾತ್ರಿ ಪಾಳಿ. ಕಂಪನಿ ಬಸ್ಸು ಅವರನ್ನು ಬೆಳಗ್ಗೆ ತಂದು ಬಿಟ್ಟರೆ ಸಂಜೆಯ ತನಕ ಮನೆಯಲ್ಲಿ ಸದ್ದಾಗಬಾರದು. ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸುವುದನ್ನು, ತೊಳೆದ ಪಾತ್ರೆಗಳನ್ನು ಟವೆಲ್ ಹಾಸಿ ಬೋರಲು ಹಾಕುವುದನ್ನು ಕಲಿತುಕೊಂಡೆ. ಅವರು ಒಳ್ಳೆಯವರೇ. ಅವರು ಏಳುವಾಗ ನನ್ನ ದಿನ ಮುಗಿಯುತ್ತಿತ್ತು, ಅಷ್ಟೆ.

ಒಂದು ದಿನ ಸೊಪ್ಪು ಕೊಳ್ಳುವಾಗ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಸಿಸ್ಟರ್.

"ಎಂತ ಮಗಾ, ಇಷ್ಟು ಸಣ್ಣಕ್ಕೆ ಮಾತಾಡ್ತೀ? ಸೊಪ್ಪಿನವಳಿಗೇ ಕೇಳ್ತಾ ಇಲ್ಲ."

ಮುಂದಿನ ಸೋಮವಾರ ಹತ್ತಿರದ ಹಳ್ಳಿ ಅಕ್ಕೂರಿಗೆ ಜೊತೆಗೆ ಬಾ ಎಂದರು. ಆಗ ರೇಷ್ಮೆ ಸಾಕುವ ಮನೆಗಳ ಹುಡುಗಿಯರು ಕಾರ್ಖಾನೆಗಳ ಕೆಲಸಕ್ಕೆ ಹೊರಟಿದ್ದ ಕಾಲ. ಯಂತ್ರದ ಮೇಲಿನ ಇಂಗ್ಲಿಷ್ ಅಕ್ಷರ, ಮುಳ್ಳು, ಅಂಕಿ ಓದಲು ಬಂದರೆ ಒಳ್ಳೆಯ ಕಡೆ ಹಾಕುತ್ತಾರೆಂದು ಸಿಸ್ಟರ್ ಅಲ್ಲಿ ವಾರಕ್ಕೊಮ್ಮೆ ಪಾಠ ನಡೆಸುತ್ತಿದ್ದರು. ನಾನು ಹುಡುಗಿಯರ ಕೈಹಿಡಿದು ಅಕ್ಷರ ತಿದ್ದಿಸುತ್ತಿದ್ದೆ. ವಾರದಲ್ಲಿ ನನ್ನ ದನಿ ನನಗೆ ಕೇಳಿಸುತ್ತಿದ್ದದ್ದು ಅಂದು ಮಾತ್ರ.

ಆ ಕಾರಿನದೂ ಒಂದು ಕತೆ. ಕಾರ್ಖಾನೆಯೊಂದಕ್ಕೆ ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಎಂಜಿನಿಯರೊಬ್ಬರು ತಮ್ಮ ಊರಿಗೆ ಮರಳುವಾಗ ಅದನ್ನು ಕಾನ್ವೆಂಟಿಗೆ ಕೊಟ್ಟು ಹೋಗಿದ್ದರು. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಸ್ಟೀರಿಂಗ್ ಹಿಂದೆ ಒಂದು ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು. ಊರಿನಲ್ಲಿ ಯಾರೂ ಅಂಥದ್ದನ್ನು ನೋಡಿರಲಿಲ್ಲ. ಸಿಸ್ಟರ್ ಇನ್ನೂ ಚನ್ನಪಟ್ಟಣದಲ್ಲಿ ಉಳಿದದ್ದೇ ಆ ದೀಪದಿಂದ ಎಂದರೂ ತಪ್ಪಿಲ್ಲ. ಅವರಿಗೆ ಅರವತ್ತು ದಾಟಿತ್ತು. ಶಾಲೆಯ ಪಾಠ ಬಿಡಿಸಿ ಆಗಿತ್ತು, ಉಳಿದದ್ದು ಅಕ್ಕೂರಿನ ಪಾಠವೊಂದೇ. ಕಾನ್ವೆಂಟಿನ ಹಿರಿಯರಾದ ಮದರ್, ವಯಸ್ಸಿನಲ್ಲಿ ಇವರಿಗಿಂತ ಚಿಕ್ಕವರು, ಅವರನ್ನು ಬೆಂಗಳೂರಿನ ವಿಶ್ರಾಂತಿ ಮನೆಗೆ ಕಳಿಸಬೇಕೆಂದಿದ್ದರು. ಕಾರಿನಲ್ಲಿ ಎಚ್ಚರಿಸುವ ದೀಪವಿದೆ, ದಾರಿಯಲ್ಲಿ ಏನೂ ಆಗುವುದಿಲ್ಲ ಎಂದು ಸಿಸ್ಟರ್ ಒಪ್ಪಿಸಿದ್ದರು. ಕಾರನ್ನು ತಾವೇ ಓಡಿಸಿ ನೋಡಿಕೊಳ್ಳಲಾಗದ ದಿನ ಹೊರಡಬೇಕು ಎಂಬುದು ಒಪ್ಪಂದ.

ಆದರೆ ಆ ದೀಪವನ್ನು ಅವರು ಪೂರ್ತಿ ನಂಬಿರಲಿಲ್ಲ. ಏಕೆಂದು ನನಗೆ ತೋರಿಸಿದ್ದು ಅಕ್ಕೂರಿನ ಜಗುಲಿಯ ಮೇಲೆ, ನಮ್ಮೂರಿನ ಬಣ್ಣದ ಮರದ ಆಟಿಕೆಯ ಎರಡು ಗಾಲಿ ಹಿಡಿದು. ಒಂದು ದೊಡ್ಡದು, ಒಂದು ಕೂದಲೆಳೆಯಷ್ಟು ಚಿಕ್ಕದು. ಎರಡನ್ನೂ ಒಂದೇ ದೂರ ಉರುಳಿಸಿದರೆ ಚಿಕ್ಕದು ಹೆಚ್ಚು ಸುತ್ತು ತಿರುಗುತ್ತದೆ. ಗಾಳಿ ಇಳಿದ ಟೈರೂ ಹಾಗೇ ಕುಗ್ಗಿ, ಉಳಿದವುಗಳಿಗಿಂತ ಬೇಗ ತಿರುಗುತ್ತದೆ. ಬ್ರೇಕಿನ ಹತ್ತಿರವಿರುವ ಸಾಧನ ಆ ಸುತ್ತುಗಳನ್ನು ಎಣಿಸಿ, ಒಂದು ಚಕ್ರದ ಲೆಕ್ಕ ಬೇರೆಯಾಗಿದೆ ಎನಿಸಿದರೆ ದೀಪ ಹೊತ್ತಿಸುತ್ತದೆ. ಟೈರಿನೊಳಗೇ ಕೂತು ಗಾಳಿಯನ್ನು ನಿಜವಾಗಿ ಅಳೆದು ತಿಳಿಸುವ ಜಾತಿಯದೂ ಇದೆಯಂತೆ. ಅದರ ಬ್ಯಾಟರಿ ಸತ್ತರೆ ಟೈರು ಬಿಚ್ಚಬೇಕು. ನಮ್ಮ ಕಾರಿನದು ಅದಲ್ಲ.

"ಇದು ಗಾಳಿಯನ್ನು ಅಳೆಯುವುದೇ ಇಲ್ಲ ಮಗಾ. ಪಕ್ಕದವರನ್ನು ನೋಡಿ ಹೇಳ್ತದೆ. ನಾಲ್ಕೂ ಒಟ್ಟಿಗೆ ಇಳಿದರೆ ಇದಕ್ಕೆ ಗೊತ್ತೇ ಆಗುವುದಿಲ್ಲ."

ಗಾಳಿ ತುಂಬಿಸಿದ ಮೇಲೆ ಒತ್ತಬೇಕಾದ ಒಂದು ಗುಂಡಿಯೂ ಇತ್ತು. ಅದನ್ನು ಒತ್ತಿದರೆ, ಆ ಗಳಿಗೆಯಲ್ಲಿ ಟೈರುಗಳು ಹೇಗಿವೆಯೋ ಅದನ್ನೇ ಸರಿಯೆಂದು ಕಾರು ನೆನಪಿಟ್ಟುಕೊಳ್ಳುತ್ತದೆ.

ಒಂದು ಬೇಸಿಗೆ ರಜೆ ಮುಗಿದಾಗ ಅವರ ಮಾತು ನಿಜವಾಯಿತು. ಪಾಠಕ್ಕೂ ರಜೆಯಿದ್ದುದರಿಂದ ಕಾರು ತಿಂಗಳುಗಟ್ಟಲೆ ನಿಂತೇ ಇತ್ತು. ಹೊರಡಿಸಿದರೆ ದೀಪವಿಲ್ಲ, ಆದರೆ ಸ್ಟೀರಿಂಗ್ ಭಾರ. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯವನು ಒಂದು ಸುತ್ತು ಬಂದು ನಕ್ಕ.

"ಸಿಸ್ಟರ್, ನಾಕೂ ಟೈರು ಕೂತ್ಕಬುಟ್ಟವೆ. ನಿಮ್ ಫಾರಿನ್ ದೀಪ ನಿದ್ದೆ ಹೊಡೀತಾ ಐತೆ."

"ಅದಕ್ಕೇ ಅಲ್ವಾ ಮಾರಾಯಾ ನೀನಿರುವುದು," ಎಂದು ಸಿಸ್ಟರ್ ಕೂಡ ನಕ್ಕರು. ಅವತ್ತಿನಿಂದ ಸೋಮವಾರದ ಗೇಜು ತಪ್ಪಲಿಲ್ಲ. ಅಕ್ಕೂರಿನ ಹೆಂಗಸರು ಅವರ ಮೊಣಕಾಲಿನ ಮಣ್ಣು ನೋಡಿ, "ಏನ್ ಸಿಸ್ಟ್ರವ್ವ, ಯಾರ್ ಹೊಲ್ದಲ್ಲಿ ಕಳೆ ಕಿತ್ಬುಟ್ ಬಂದ್ರಿ? ಬನ್ನಿ, ಒಸಿ ಮಜ್ಜಿಗೆ ಕುಡೀರಿ" ಎಂದು ಕೀಟಲೆ ಮಾಡುತ್ತಿದ್ದರು. ಹಿಂದಿರುಗುವಾಗ ಹಿಪ್ಪುನೇರಳೆ ತೋಟಗಳ ನಡುವೆ ರಸ್ತೆ ಖಾಲಿಯಿದ್ದರೆ ಸಿಸ್ಟರ್ ನನಗೆ ಸ್ಟೀರಿಂಗ್ ಕೊಡುತ್ತಿದ್ದರು. ಹಾಗೇ ಕಲಿತು ಲೈಸೆನ್ಸನ್ನೂ ಪಡೆದೆ.

ಆಮೇಲೊಂದು ಮಳೆಗಾಲದಲ್ಲಿ ನಾನು ಗಮನಿಸಿದೆ. ಸೋಮವಾರ ಅವರ ನಿಲುವಂಗಿ ಬೆಳ್ಳಗೇ ಇತ್ತು. ಮುಂದಿನ ವಾರವೂ. ಮೆಟ್ಟಿಲು ಇಳಿಯುವಾಗ ಅವರು ಗೋಡೆಗೆ ಅಂಗೈ ಒತ್ತಿ, ಎರಡೂ ಪಾದವನ್ನು ಒಂದೇ ಮೆಟ್ಟಿಲಿಗೆ ತಂದು ಇಳಿಯುತ್ತಿದ್ದರು. ಅವರ ಕೈಯಿಂದ ಗೇಜು ತೆಗೆದುಕೊಂಡು, ಸೀರೆಯ ಸೆರಗು ಸಿಕ್ಕಿಸಿ ನಾನೇ ಮಂಡಿಯೂರಿದೆ. ಅವರು ಕೊಡೆ ಹಿಡಿದು ನಿಂತರು. ಎಷ್ಟು ಎಂದು ಕೇಳುವರು, ನಾನು ಹೇಳುವೆ. ಅಂದಿನಿಂದ ಅದು ನಮ್ಮಿಬ್ಬರ ನಡುವಿನ ಗುಟ್ಟಾಯಿತು. ಮದರ್‌ಗೆ ತಿಳಿದರೆ ಸಿಸ್ಟರ್ ಹೋಗಬೇಕು, ಅವರು ಹೋದರೆ ನನಗೆ ಸೋಮವಾರವಿಲ್ಲ.

ಸುಮಾರು ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಮದರ್ ಒಮ್ಮೆ ಅಕ್ಕೂರಿನ ಪಾಠ ನೋಡಲು ನಮ್ಮೊಡನೆ ಹೊರಟರು. ಅಂದು ಬೆಳಗ್ಗೆಯೇ ಒಂದು ಟೈರು ಕಲ್ಲಿಗೆ ಹರಿದಿತ್ತು. ಪಂಕ್ಚರ್ ಅಂಗಡಿಯವನು ಹೊಸದೊಂದು ಹಾಕಿ, ಗಾಳಿ ಸರಿಯಾಗಿದೆ ಎಂದ. ಮದರ್ ಕಾಯುತ್ತಿದ್ದರೆಂದು ನಾವು ಅಳೆಯದೆ ಹೊರಟೆವು.

ಅಕ್ಕೂರು ಇನ್ನೂ ದೂರವಿರುವಾಗ ಹಳದಿ ದೀಪ ಹೊತ್ತಿತು. ಮುಂದೆ ಕುಳಿತಿದ್ದ ಮದರ್ ಅದೇನೆಂದು ಕೇಳಿದರು. ಹಿಂದಿನ ಸೀಟಿನಲ್ಲಿದ್ದ ನನಗೆ ಅರ್ಥವಾಗಿತ್ತು. ಹೊಸ ಟೈರು ಸವೆದಿಲ್ಲ, ಮೂರು ಹಳೆಯವಕ್ಕಿಂತ ದೊಡ್ಡದು, ದೀಪಕ್ಕೆ ಗಲಿಬಿಲಿಯಾಗಿದೆ. ಮುಂದಕ್ಕೆ ಬಾಗಿ ಸಿಸ್ಟರ್ ಕಿವಿಯ ಹತ್ತಿರ, "ಹೊಸ ಟೈರಿಂದ ಸಿಸ್ಟರ್. ಗುಂಡಿ ಒತ್ತಿಬಿಡಿ" ಎಂದೆ. ಒತ್ತಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

ಅವರು ಕಾರನ್ನು ಬದಿಗೆ ನಿಲ್ಲಿಸಿದರು. "ಅಳೆಯದೆ ಒತ್ತಿದರೆ ಇದ್ದದ್ದನ್ನೇ ಸರಿ ಅಂತ ಕಲಿಸಿದ ಹಾಗೆ ಆಗ್ತದೆ ಮಗಾ."

ಗೇಜು ಹಿಡಿದು ಇಳಿದರು. ಒಂದು ಕೈ ಬಾಗಿಲಿಗೆ, ಒಂದು ಕೈ ಬಾನೆಟ್ಟಿಗೆ ಕೊಟ್ಟು ಬಗ್ಗಲು ನೋಡಿದರು. ಮೊಣಕಾಲು ಅರ್ಧಕ್ಕೇ ನಿಂತುಬಿಟ್ಟಿತು. ಮದರ್ ಇಳಿದು ಬಂದರು. ನಾನು ಓಡಿಹೋಗಿ ಗೇಜಿಗೆ ಕೈ ಚಾಚಿದೆ. ಸಿಸ್ಟರ್ ಕೊಡಲಿಲ್ಲ. ಮೊದಲು ಮದರ್ ಕಡೆ ತಿರುಗಿದರು.

"ಒಂದು ವರ್ಷದಿಂದ ನಾನು ಬಗ್ಗಿಲ್ಲ ಮದರ್. ಬಗ್ಗುವವಳು ಇವಳು."

ಆಮೇಲೆ ಗೇಜು ನನ್ನ ಕೈಗೆ ಬಂತು. ನಾಲ್ಕೂ ಟೈರು ಅಳೆದೆ. ಎಲ್ಲದರಲ್ಲೂ ಗಾಳಿ ಸರಿಯಾಗಿಯೇ ಇತ್ತು. ಸಿಸ್ಟರ್ ಆಗ ಗುಂಡಿ ಒತ್ತಿದರು. ಅಕ್ಕೂರಿನಲ್ಲಿ ಎಂದಿನಂತೆ ಪಾಠ ಮಾಡಿದರು, ಮಜ್ಜಿಗೆ ಕುಡಿದರು. ಹೊರಡುವಾಗ ಕೀಲಿಯನ್ನು ನನ್ನ ಕೈಗೆ ಕೊಟ್ಟು ತಾವೇ ಹಿಂದಿನ ಸೀಟಿನಲ್ಲಿ ಕುಳಿತರು. ದಾರಿಯಲ್ಲಿ ಮದರ್ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ನೋಡಿದೆ.

ಆ ತಿಂಗಳೇ ಸಿಸ್ಟರನ್ನು ಬೆಂಗಳೂರಿಗೆ ಕಳಿಸಿದರು. ಅವರ ಸಾಮಾನು ಒಂದು ಪೆಟ್ಟಿಗೆಯಷ್ಟಿತ್ತು. ಅಕ್ಕೂರಿನ ಪಾಠ ಸ್ವಲ್ಪ ಕಾಲ ನಡೆದು ನಿಂತಿತು. ಹುಡುಗಿಯರನ್ನು ಒಯ್ಯಲು ಕಾರ್ಖಾನೆಯ ವ್ಯಾನುಗಳು ಊರಿನೊಳಗೇ ಬರತೊಡಗಿದವು. ನಾನು ಮತ್ತೆ ಕುಕ್ಕರ್ ಕೂಗದಂತೆ ಕಾಯುವವಳಾದೆ.

ಒಂದು ಸಲ ಸಿಸ್ಟರನ್ನು ನೋಡಲು ಬೆಂಗಳೂರಿಗೆ ಹೋಗಿದ್ದೆ. ಉದ್ದನೆಯ ಕೋಣೆ, ಸಾಲು ಮಂಚ, ಕಿಟಕಿಯ ಪಕ್ಕದ್ದು ಅವರದು. ನನ್ನ ಕೈ ಹಿಡಿದು, ಮನೆಯಲ್ಲಿ ಎಲ್ಲ ಸರಿಯುಂಟಾ ಎಂದು ಕೇಳಿದರು. ಅಮ್ಮನಿಗೆ, ಅತ್ತೆಗೆ, ಪಕ್ಕದ ಮನೆಯವರಿಗೆ ಹೇಳುವ ಉತ್ತರ ನಾಲಗೆಯ ತುದಿಯಲ್ಲಿತ್ತು. ಅವರ ಮುಖ ನೋಡಿ ಅದು ಹೊರಡಲಿಲ್ಲ.

"ಇಲ್ಲ ಸಿಸ್ಟರ್. ಮನೇಲಿ ಇಬ್ಬರಿದ್ದೀವಿ, ಆದ್ರೂ ತುಂಬ ಒಂಟಿ ಅನ್ನಿಸುತ್ತೆ."

ಅವರು ಸಮಾಧಾನ ಹೇಳಲಿಲ್ಲ. "ಇದನ್ನು ನಿನ್ನ ಗಂಡನಿಗೆ ಹೇಳಿದ್ದೀಯಾ?" ಎಂದರು, ಅಷ್ಟೆ.

ಆ ಭಾನುವಾರ, ನನ್ನ ಗಂಡ ಎದ್ದು ಕಾಫಿ ಕುಡಿಯುವಾಗ ಹೇಳಿದೆ. ಅವರು ಕಾಫಿಯ ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸಿದರು.

"ನಂಗೂ ಹಂಗೇ ಆಗೈತೆ ಕಣೆ," ಎಂದರು. "ನೀನು ಆರಾಮಾಗಿದೀಯ ಅನ್ಕೊಂಡಿದ್ದೆ."

ಆ ಸಂಜೆ ದೀಪ ಹಾಕುವುದನ್ನೂ ಮರೆತು ನಾವಿಬ್ಬರೂ ಮಾತಾಡಿದೆವು. ಸಿಸ್ಟರಿಗೆ ಇದನ್ನು ಫೋನಿನಲ್ಲಿ ಹೇಳುವುದು ಬೇಡ, ಎದುರಿಗೇ ಹೇಳಬೇಕು ಎನಿಸಿತು. ನಿಪ್ಪಟ್ಟು ಮಾಡಿಕೊಂಡು ಹೋಗುವಷ್ಟರಲ್ಲಿ ಕಿಟಕಿಯ ಪಕ್ಕದ ಮಂಚದಲ್ಲಿ ಬೇರೊಬ್ಬ ವಯಸ್ಸಾದ ಸಿಸ್ಟರ್ ಮಲಗಿದ್ದರು. ನಮ್ಮ ಸಿಸ್ಟರನ್ನು ಮಣ್ಣು ಮಾಡಿ ಆಗಲೇ ವಾರವಾಗಿತ್ತಂತೆ. ಮಲಗಿದ್ದವರು ಕಣ್ಣು ಕಿರಿದು ಮಾಡಿ, ಯಾರನ್ನು ನೋಡಲು ಬಂದೆ ಎಂದು ಕೇಳಿದರು. ಹೇಳಿದೆ. ಅವರ ಪಕ್ಕದಲ್ಲೇ ಸ್ವಲ್ಪ ಹೊತ್ತು ಕುಳಿತು, ನಿಪ್ಪಟ್ಟನ್ನು ಅವರಿಗೆ ಸಣ್ಣಗೆ ಮುರಿದು ಕೊಟ್ಟು ಬಂದೆ.