ಗಿಟಾರ್ ಕಚ್ಚುವ ಪಾಪಾ ಮುಕೇಂಡಿ

ಕಾಂಗೋ ದೇಶದ ಕಿನ್ಶಾಸಾದ ಲೆಂಬಾ ಪೇಟೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾಡುವ ಪಾಪಾ ಮುಕೇಂಡಿಯ ಶೆಡ್ಡಿಗೆ ಯಾರೇ ಬರಲಿ, ಅವನು ಮೊದಲು ತನ್ನನ್ನೇ ಹಳಿದುಕೊಳ್ಳುತ್ತಾನೆ. “ಬನ್ನಿ, ಮಂಚ ಮಾಡೋಕೆ ಬರದೆ ಗಿಟಾರಿಗೆ ಇಳಿದವನು ನಾನು. ನುಡಿಸೋಕಾಗದಿದ್ರೆ ಇದರ ಮೇಲೆ ಮಲ್ಕೊಳ್ಳಿ.” ಕೆಟ್ಟ ಫ್ಯಾನಿನ ತಾಮ್ರದ ತಂತಿ ಬಿಚ್ಚಿ, ಗಿಟಾರಿನ ದನಿ ಹಿಡಿಯುವ ಪಿಕಪ್ಪಿಗೆ ಸುತ್ತುವಾಗ ಎಣಿಕೆ ತಪ್ಪಿದರೆ, “ನನ್ನ ತಲೇನೂ ಅದೇ ಫ್ಯಾನಿಂದು, ನಿಂತು ನಿಂತು ತಿರುಗತ್ತೆ” ಎನ್ನುತ್ತಾನೆ. ಊರು ನಗುವ ಮೊದಲೇ ತಾನು ನಕ್ಕು ಮುಗಿಸಬೇಕೆಂಬ ಅವಸರ ಅವನದು. ಗಿಟಾರ್ ಸಿದ್ಧವಾದರೆ ಅದರ ಒಡಲಿನಿಂದ ಚಾಚಿದ ಮರದ ಕೊಂಬನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ, ತಂತಿ ಮೀಟುತ್ತಾನೆ. “ಉಪ್ಪು ನೋಡ್ತಿದ್ದೀನಿ” ಎಂದರೆ ಬಂದವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ. ಮೂವತ್ತು ವರ್ಷ ಬಾರುಗಳ, ಚರ್ಚುಗಳ ಸ್ಪೀಕರ್ ಪಕ್ಕದಲ್ಲೇ ಕೂತು ಗಿಟಾರ್ ರಿಪೇರಿ ಮಾಡಿದವನು ಅವನು. ‘ಇನ್ನೂ ಜೋರು’ ಎಂದು ಕುಣಿದವರಲ್ಲಿ ಒಬ್ಬರೂ ಆ ಕಿವಿಗಳನ್ನು ನೆನೆಯಲಿಲ್ಲ. ಈಗ ಹಲ್ಲಿನಿಂದ ಬುರುಡೆಗೆ ಹತ್ತುವ ನಾದವಷ್ಟೇ ಅವನಿಗೆ ಉಳಿದಿದೆ. ಅದನ್ನವನು ಯಾರಿಗೂ ಹೇಳಿಲ್ಲ; ಕಿವುಡ ಮಾಡಿದ ಗಿಟಾರನ್ನು ಯಾರು ಕೊಂಡಾರು? ಮೊನ್ನೆ, ಗಿರಾಕಿಗಳು ಕೂತಿದ್ದಾಗಲೇ, ಚರ್ಚಿನಲ್ಲಿ ಗಿಟಾರ್ ನುಡಿಸುವ ಗೊಡ್ಲೀವ್, ತೊಡೆಯ ಮೇಲೆ ಗಿಟಾರ್ ಇಟ್ಟು ಮೀಟುತ್ತಿದ್ದ ಅವನ ಬೆನ್ನ ಹಿಂದೆ ನಿಂತು, “ಪಾಪಾ, ಮೂರನೇ ತಂತಿಯ ಸ್ವರ ಇಳಿದಿದೆ” ಎಂದಳು. ಅವನು ಅಲುಗಲಿಲ್ಲ. ಇನ್ನೊಮ್ಮೆ ಹೇಳಿದಳು. ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಗೊಡ್ಲೀವಳಿಗೆ ಅರ್ಥವಾಯಿತು. “ದೊಡ್ಡ ಮನುಷ್ಯರು, ಹೆಂಗಸಿನ ಮಾತಿಗೆ ಎಲ್ಲಿ ತಿರುಗ್ತಾರೆ” ಎಂದು ಅವರನ್ನು ನಗಿಸಿ, ಎದುರಿಗೆ ಬಂದು, ಆ ತಂತಿಯ ಮೇಲೆ ಬೆರಳಿಟ್ಟು ಮೀಟತೊಡಗಿದಳು. ಮುಕೇಂಡಿ ಅವಳ ಮುಖವನ್ನೇ ನೋಡುತ್ತ ಮೆಲ್ಲಗೆ ಬಿರಡೆ ತಿರುವಿದ. ಸ್ವರ ಕೂಡಿದಾಗ ಅವಳು ಬೇರೆ ಯಾರಿಗೂ ಕಾಣದಂತೆ ರೆಪ್ಪೆ ಮುಚ್ಚಿ ತೆರೆದಳು.