ನಿಂಬೆಹಣ್ಣು ಬರುವುದು ನಿಂತ ವರ್ಷ

ನನ್ನ ಗಂಡ ಎಮ್ಮೆಲ್ಲೆ ಆಗಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಯಾರೂ ನಿಂಬೆಹಣ್ಣು ಕೊಂಡಿದ್ದಿಲ್ಲ. ನಮ್ಮ ಕಡೆ ದೊಡ್ಡವರನ್ನು ನೋಡಲು ಬರಿಗೈಯಲ್ಲಿ ಹೋಗುವುದಿಲ್ಲ. ಏನೂ ಇಲ್ಲದವನು ಕೂಡ ಒಂದು ನಿಂಬೆಹಣ್ಣನ್ನಾದರೂ ಕೈಗಿಟ್ಟು ಆಮೇಲೆ ಬಾಯಿ ಬಿಡುತ್ತಾನೆ. ರೇಷನ್ ಕಾರ್ಡಿಗೆ ಒಂದು, ಬೀದಿ ನಲ್ಲಿಗೆ ಒಂದು, ಮಗನ ಕೆಲಸಕ್ಕಾದರೆ ಎರಡು. ಸಂಜೆ ಹೊತ್ತಿಗೆ ಜಗುಲಿಯ ಮೂಲೆಯ ಬುಟ್ಟಿ ತುಂಬಿರುತ್ತಿತ್ತು. ಉಪ್ಪಿನಕಾಯಿ ಹಾಕಿದೆ, ಉಪ್ಪು ಸವರಿ ಒಣಗಿಸಿದೆ, ರಾಯಕೋಟೆಯ ತವರಿಗೆ ಜಾಡಿಗಟ್ಟಲೆ ಕಳಿಸಿದೆ. ಕೊನೆಕೊನೆಗೆ ಚಿತ್ರಾನ್ನದ ವಾಸನೆ ಬಂದರೆ ನನ್ನ ಮಕ್ಕಳು ಪಕ್ಕದ ಮನೆಗೆ ಊಟಕ್ಕೆ ಹೋಗುತ್ತಿದ್ದರು.

ಅದು ಎಂಬತ್ತರ ದಶಕದ, ತಮಿಳುನಾಡಿಗೆ ಸೇರಿದ ಹೊಸೂರು. ನಾನು ಮದುವೆಯಾಗಿ ಬಂದಾಗ ಇದು ಸಂತೆಯ ದಿನ ಮಾತ್ರ ಎಚ್ಚರವಾಗುತ್ತಿದ್ದ ಊರು. ಆಮೇಲೆ ಮೋಟಾರು, ಲಾರಿ, ಗಡಿಯಾರ ಅಂತ ಒಂದೊಂದೇ ಕಾರ್ಖಾನೆ ಬಂದವು, ಅವುಗಳ ಹಿಂದೆ ಎಲ್ಲೆಲ್ಲಿಯದೋ ಜನ ಬಂದರು, ನೀರು ಮಾತ್ರ ಅಷ್ಟೇ ಇತ್ತು. ಇವರು ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದವರು. ಚುನಾವಣೆಯಲ್ಲಿ ಎರಡು ದೊಡ್ಡ ಪಕ್ಷದವರು ಕಚ್ಚಾಡಿಕೊಂಡರು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂಬಂತೆ ಪಕ್ಷೇತರರಾಗಿ ನಿಂತ ಇವರು ಗೆದ್ದುಬಿಟ್ಟರು. ಗೆದ್ದ ದಿನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದು ಇವರೇ.

ಅಲ್ಲಿಂದ ನಮ್ಮ ಮನೆ ಕಾರ್ಖಾನೆಯ ಸೈರನ್ನಿಗೆ ಏಳುವುದು, ಮಲಗುವುದು ಶುರುವಾಯಿತು. ಒಂದು ಶಿಫ್ಟಿನವರು ಕೆಲಸಕ್ಕೆ ಹೋಗುವ ಮುಂಚೆ ಬರುತ್ತಿದ್ದರು, ಇನ್ನೊಂದು ಶಿಫ್ಟಿನವರು ಕೆಲಸ ಮುಗಿಸಿ ಬರುತ್ತಿದ್ದರು, ನಡುವೆ ಹಳ್ಳಿಯವರು. ಇವರು ಜನರೊಂದಿಗೆ ತೆಲುಗಿನಲ್ಲಿ ವಾದ ಮಾಡುತ್ತಿದ್ದರು, ಆಫೀಸಿಗೆ ತಮಿಳಿನಲ್ಲಿ ಮನವಿ ಬರೆಸುತ್ತಿದ್ದರು, ರಾತ್ರಿ ನನ್ನ ಹತ್ತಿರ ಕನ್ನಡದಲ್ಲಿ ಗೊಣಗುತ್ತಿದ್ದರು. ಕಾಫಿ ಮಾತ್ರ ಎಲ್ಲ ಭಾಷೆಯವರಿಗೂ ನಾನೇ ಮಾಡಬೇಕಿತ್ತು.

ಆ ಹುಡುಗಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಮತ್ತಿಗಿರಿಯಿಂದಾಚೆ, ರಸ್ತೆಯಿಂದ ಒಳಗಿರುವ ಒಂದು ಹಳ್ಳಿಯವಳು. ಅಪ್ಪ ರಾಗಿ, ಹುರುಳಿ ಬೆಳೆಯುವವನು. ಊರಾಚೆಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಶೆಡ್ಡಿನಲ್ಲಿ ಮೋಟರಿಗೆ ತಂತಿ ಸುತ್ತುವ ಕೆಲಸ ಅವಳದು. ದೊಡ್ಡ ಕಾರ್ಖಾನೆಯವರಿಗೆ ಕಂಪನಿ ಬಸ್ಸು ಇತ್ತು, ಇಂಥ ಶೆಡ್ಡಿನವರಿಗೆ ಇರಲಿಲ್ಲ. ಮೊದಲ ಶಿಫ್ಟು ಬೆಳಗ್ಗೆ ಆರಕ್ಕೆ. ಅವರ ಊರ ಕಡೆಯ ಮೊದಲ ಬಸ್ಸು ಹೊಸೂರು ಮುಟ್ಟುವ ಹೊತ್ತಿಗೆ ಗೇಟು ಹಾಕಿರುತ್ತಿದ್ದರು. ಹಾಗಾಗಿ ಕತ್ತಲಲ್ಲೇ ಎದ್ದು, ದನದ ಫಾರಂ ಬೇಲಿಯ ಪಕ್ಕದ ರಸ್ತೆಯಲ್ಲಿ ಒಬ್ಬಳೇ ನಡೆದು ಬರುತ್ತಿದ್ದಳು. ಒಂದು ದಿನ ಯಾವನೋ ಸೈಕಲ್ಲಿನವನು ಹಿಂದೆ ಬಿದ್ದ. ಊಟದ ಡಬ್ಬಿ ಬಿಸಾಕಿ ಓಡಿ ಬಂದಳಂತೆ. ಅದು ಅಪ್ಪನ ಕಿವಿಗೆ ಬಿತ್ತು.

ಅಪ್ಪ ನಿಂಬೆಹಣ್ಣು ಕೊಟ್ಟು ಕೆಳಗೆ ಕೂತ. ಮಗಳು ಕಂಬದ ಹಿಂದೆ ನಿಂತಳು.

"ಅಣ್ಣ, ಮಗಳು ದುಡೀಬಾರ್ದು ಅಂತ ನಂಗೇನಿಲ್ಲ," ಅಂದ. "ಬೆಳಿಗ್ಗೇಲೆ ಒಂದು ಬಸ್ಸು ಬಂದ್ರೆ ಹೋಗ್ಲಿ. ಯುಗಾದಿವರ್ಗೂ ನೋಡ್ತೀನಿ. ಬರ್ನಿಲ್ಲ ಅಂದ್ರೆ ಕೆಲಸ ಬಿಡಿಸ್ಬುಟ್ಟು ನಮ್ಮ ಬಾಮೈದನಿಗೆ ಕೊಟ್ಬುಡ್ತೀನಿ. ಅವ್ನು ಕಾಯ್ಕಂಡವ್ನೆ."

ನಾನು ಹುಡುಗಿಯನ್ನು ಒಳಗೆ ಕರೆದು ಕಾಫಿ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ಕುಡಿಯಲಿಲ್ಲ.

"ಆ ಮಾವನ್ನ ಕಂಡ್ರೆ ನಂಗಾಗಾಕಿಲ್ಲ ಅಕ್ಕ. ಕುಡೀತಾನೆ. ಕೆಲಸ ಒಂದಿದ್ರೆ ಅಪ್ಪ ಬಲವಂತ ಮಾಡಾಕಿಲ್ಲ. ಅಣ್ಣಂಗೆ ನೀವೊಂದು ಮಾತು ಹೇಳಿ."

ಹೇಳುತ್ತೇನೆ ಅಂದೆ. ಹೇಳುವುದೇನು, ಇವರೇ ಮರುದಿನ ಬಸ್ ಡಿಪೋಗೆ ಹೋದರು. ಅಲ್ಲಿಯವರು ಬಸ್ಸಿದೆ, ಡ್ರೈವರಿದ್ದಾನೆ, ಮೇಲಿಂದ ಆರ್ಡರ್ ಬರಬೇಕು ಅಂದರು. ಜಿಲ್ಲಾ ಕೇಂದ್ರ ಧರ್ಮಪುರಿಗೆ ಹೋದರು. ಅಲ್ಲಿ ಮದ್ರಾಸಿನ ಕಡೆ ಕೈ ತೋರಿಸಿದರು. ಮದ್ರಾಸಿನಲ್ಲಿ ಆಫೀಸರು ಕಾಫಿ ಕೊಟ್ಟು, ಸ್ವಲ್ಪ ದಿನ ತಡೆಯಿರಿ ಅಂದನಂತೆ. ಆಳುವ ಪಕ್ಷ ಆಗ ತಾನೇ ಎರಡಾಗಿ ಸೀಳಿತ್ತು. ಯಾವ ಮಂತ್ರಿ ಇರುತ್ತಾನೋ ಯಾವನು ಹೋಗುತ್ತಾನೋ ಗೊತ್ತಿಲ್ಲದೆ ಒಂದು ಫೈಲಿಗೂ ಯಾರೂ ಕೈ ಹಚ್ಚುತ್ತಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಅಲ್ಲಿ ದೇವರು ಯಾರು ಅನ್ನುವುದೇ ಇತ್ಯರ್ಥವಾಗಿರಲಿಲ್ಲ.

ವಿಧಾನಸಭೆಯಲ್ಲೇ ಪ್ರಶ್ನೆ ಕೇಳುತ್ತೇನೆ ಅಂತ ಇವರು ಬರೆದುಕೊಟ್ಟರು. ಆದರೆ ಪ್ರಶ್ನೆಗಳ ಹೊತ್ತು ಶುರುವಾಗುವ ಮುಂಚೆಯೇ ಎರಡೂ ಬಣದವರು ಬೆಂಚಿನ ಮೇಲೆ ಹತ್ತಿ ನಿಲ್ಲುತ್ತಿದ್ದರು, ಸಭೆ ಮುಂದಕ್ಕೆ ಹೋಗುತ್ತಿತ್ತು. ಒಂದು ಶನಿವಾರ ಇವರು ಮನೆಗೆ ಬಂದಾಗ ಶರ್ಟಿನ ಜೇಬು ಹರಿದು ನೇತಾಡುತ್ತಿತ್ತು.

"ಯಾರ್ರೀ ಹರಿದಿದ್ದು?"

"ಗೊತ್ತಿಲ್ಲ ಕಣೇ. ಬಿಡ್ಸೋಕೆ ಹೋಗಿದ್ದೆ."

ಜೇಬು ಹೊಲಿಯುತ್ತ ಕೂತೆ. ನಲವತ್ತು ದಾಟಿದ ಗಂಡಸರು ಇಷ್ಟು ದೂರ ಹೋಗಿ ಹೊಡೆದಾಡುತ್ತಾರಲ್ಲ, ಇದಕ್ಕೆ ನಾನು ಇಲ್ಲಿ ಕತ್ತಲಲ್ಲೇ ಎದ್ದು ಒಲೆ ಹಚ್ಚಬೇಕಾ ಅಂತ ಸಿಟ್ಟು ಬಂತು. ಇವರು ಗೋಡೆಗೆ ಒರಗಿ, ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದರು.

ಮಾರ್ಚಿನಲ್ಲಿ ಸರ್ಕಾರ ವಿಶ್ವಾಸಮತ ಕೇಳುವುದು ಅಂತಾಯಿತು. ಎರಡು ಬಣಕ್ಕೂ ತಲೆ ಸರಿಸಮ, ಪಕ್ಷೇತರರು ಯಾವ ಕಡೆಯೋ ಆ ಕಡೆ ಗೆಲುವು. ಆಳುವ ಬಣವನ್ನು ಕಂಡರೆ ಇವರಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಬೀದಿ ಬೀದಿಯ ಸಭೆಯಲ್ಲಿ ಕಳ್ಳರ ಗುಂಪು ಅಂತ ಬೈದವರು. ಹಾಗಾಗಿ ಎದುರು ಬಣದವರು ಇವರನ್ನು ತಮ್ಮವರೆಂದೇ ಲೆಕ್ಕ ಹಿಡಿದು, ಯಾರೂ ಹಾರಿಸಿಕೊಂಡು ಹೋಗದಿರಲಿ ಅಂತ ಇನ್ನೂ ಹಲವರ ಜೊತೆ ಮದ್ರಾಸಿನಾಚೆ ಸಮುದ್ರದ ದಂಡೆಯ ಬಂಗಲೆಯಲ್ಲಿ ಜೋಪಾನವಾಗಿ ಇಟ್ಟುಕೊಂಡರು. ಬಾಗಿಲಲ್ಲಿ ಆಳು, ಫೋನಿನ ಪಕ್ಕದಲ್ಲೂ ಆಳು.

ಇತ್ತ ಜಗುಲಿಯಲ್ಲಿ ಜನ ಕರಗಲಿಲ್ಲ. ಎಮ್ಮೆಲ್ಲೆ ಇಲ್ಲದಿದ್ದರೆ ಎಮ್ಮೆಲ್ಲೆ ಹೆಂಡತಿ. ನಾನೇ ಮನವಿ ತೆಗೆದುಕೊಂಡೆ, ನಾನೇ ಮುನಿಸಿಪಾಲಿಟಿಗೆ ಹೋಗಿ ನೀರಿನ ಲಾರಿ ಕಳಿಸಿರಿ ಅಂತ ಕೂಗಾಡಿದೆ. ಯುಗಾದಿಗೆ ಒಂದು ವಾರ ಇರುವಾಗ ಆ ಹುಡುಗಿ ಮತ್ತೆ ಬಂದಳು, ಈ ಸಲ ಒಬ್ಬಳೇ. "ಅಪ್ಪ ಸೀರೆ ತಂದ್ಬುಟ್ಟವ್ನೆ ಅಕ್ಕ," ಅಂದಳು. ಬುಟ್ಟಿಗೆ ನಿಂಬೆಹಣ್ಣು ಹಾಕಿ, ಅಳದೆ, ನಡೆದುಹೋದಳು. ಅತ್ತಿದ್ದರೆ ಸಮಾಧಾನ ಮಾಡಿ ಮರೆತುಬಿಡುತ್ತಿದ್ದೆನೋ ಏನೋ.

ಅವತ್ತು ಸಂಜೆ ಇವರ ಟ್ರಂಕ್ ಕಾಲ್ ಬಂತು. ಅಲ್ಲಿ ಇವರ ಪಕ್ಕದಲ್ಲಿ ನಿಂತ ಆಳಿಗೆ ಕನ್ನಡ ಬರುತ್ತಿರಲಿಲ್ಲ. ಅದೊಂದೇ ನಮಗೆ ಉಳಿದಿದ್ದ ಮರೆ.

"ಊಟ ಚೆನ್ನಾಗೈತೆ. ನಿದ್ದೆ ಬರ್ತಾ ಇಲ್ಲ," ಅಂದರು.

"ಆ ಬಸ್ಸಿಂದು ಏನಾಯ್ತು?"

"ಇಲ್ಲಿ ಯಾವನಿಗೆ ಬೇಕು ಬಸ್ಸು. ಸಾರಿಗೆ ಮಂತ್ರಿ ಆ ಕಡೆಯೋನು. ನಿನ್ನೆ ಹಾಲು ತರೋನ ಕೈಲಿ ಹೇಳಿ ಕಳಿಸಿದ್ದ, ಏನ್ ಬೇಕೋ ಕೇಳಿ ಅಂತ. ಏನೂ ಬ್ಯಾಡ ಅಂದೆ."

"ಬಸ್ಸು ಕೇಳ್ರಿ."

"ಕೇಳಿದ್ರೆ ಅವರ ಕಡೆ ಕೈ ಎತ್ತಬೇಕು. ಊರೆಲ್ಲ ಅವರನ್ನ ಬೈಕಂಡು ತಿರುಗಿವ್ನಿ. ಮಾರ್ಕೊಂಡ ಅಂತಾರೆ ಕಣೇ."

"ಅನ್ಲಿ. ಒಬ್ಬೊಬ್ರು ಏನೇನಕ್ಕೋ ಮಾರ್ಕೊಂಡವ್ರೆ. ನೀವು ಒಂದು ಬಸ್ಸಿಗೆ ಮಾರ್ಕೊಳ್ರಿ. ಯಾವ ಬಣ ಬಂದ್ರೂ ನಮ್ಮ ನಲ್ಲೀಲಿ ನೀರು ಬರಾಕಿಲ್ಲ. ಆ ಹುಡುಗಿ ಕೆಲಸ ಆದ್ರೂ ಉಳೀಲಿ."

ಇವರು ಏನೋ ಹೇಳಲು ಹೊರಟರು, ಅಷ್ಟರಲ್ಲಿ ಲೈನು ಕಡಿದುಹೋಯಿತು. ನಾನು ಹೇಳಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ಆ ಮನುಷ್ಯನಿಗೆ ಇದ್ದ ಆಸ್ತಿ ಎಂದರೆ ಆಡಿದ ಮಾತು ಒಂದೇ.

ಮತದ ದಿನ ರೇಡಿಯೋದಲ್ಲಿ ಸರ್ಕಾರ ಉಳಿಯಿತು ಅಂತ ಹೇಳಿದರು. ಯಾರು ಯಾರು ಕೈ ಎತ್ತಿದರು ಅನ್ನುವುದು ರೇಡಿಯೋಗಿಂತ ಮುಂಚೆ ಊರಿಗೆ ಬಂದಿತ್ತು. ಇವರು ಮನೆಗೆ ಬಂದಾಗ ಗೇಟಿನ ಹೆಸರಿನ ಹಲಗೆಗೆ ಯಾರೋ ಸಗಣಿ ಬಳಿದಿದ್ದರು. ನಾನು ಹೊಲಿದ ಅದೇ ಜೇಬಿನಿಂದ ಬಸ್ಸಿನ ಆರ್ಡರು ತೆಗೆದು ನನ್ನ ಕೈಗೆ ಕೊಟ್ಟರು. "ಹಾಲಿನೋನ ಕೈಲೇ ಹೇಳಿ ಕಳಿಸ್ದೆ. ಸಹಿ ಬಿದ್ದ ಮೇಲೇ ಸಭೆ ಒಳಕ್ಕೆ ಹೋದೆ," ಅಂದು ಸ್ನಾನಕ್ಕೆ ಹೋದರು. ಬಹಳ ಹೊತ್ತು ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ನೀರಿಗೆ ಬರ ಇದೆ ಅಂತ ಹೇಳಬೇಕೆನ್ನಿಸಿದರೂ ಹೇಳಲಿಲ್ಲ.

ಯುಗಾದಿಗೆ ಎರಡು ದಿನ ಇರುವಾಗ ಡಿಪೋದ ಡ್ರೈವರೊಬ್ಬ ಬಂದ. "ಅಮ್ಮಾ, ನಾಳೆಯಿಂದ ಹೊಸ ರೂಟು. ಚಕ್ರಕ್ಕೆ ನಿಂಬೆಹಣ್ಣು ಇದ್ರೆ ಕೊಡಿ," ಅಂದ. ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಆರಿಸಿ ಕೊಟ್ಟೆ. ಇವರನ್ನು ಕರೆದರೆ ಬರಲಿಲ್ಲ. ಬೆಳಗಿನ ಜಾವ ನಾನೊಬ್ಬಳೇ ಬೀದಿಯ ತುದಿಯಲ್ಲಿ ನಿಂತಿದ್ದೆ. ಬಸ್ಸು ಮತ್ತಿಗಿರಿ ಕಡೆಯಿಂದ ದೀಪ ಹಾಕಿಕೊಂಡು ಬಂತು, ಒಳಗೆ ಅರ್ಧದಷ್ಟು ಹೆಂಗಸರೇ. ಕಿಟಕಿಯ ಪಕ್ಕ ಆ ಹುಡುಗಿ ಹೊಸ ಡಬ್ಬಿ ಹಿಡಿದು ಕೂತಿದ್ದಳು. ನನ್ನನ್ನು ನೋಡಲಿಲ್ಲ, ತೂಕಡಿಸುತ್ತಿದ್ದಳು. ಮನಸ್ಸಿಗೆ ತುಂಬ ಸಂತೋಷವಾಯಿತು.

ಆಮೇಲೆ ನಿಂಬೆಹಣ್ಣು ಬರುವುದು ನಿಂತಿತು. ಒಂದೇ ದಿನಕ್ಕಲ್ಲ, ದಿನಕ್ಕಿಷ್ಟು ಕಡಿಮೆಯಾಗುತ್ತ. ಬೆಂಗಳೂರಿನಲ್ಲಿ ಬಂಗಲೆ ಕಟ್ಟಿಸುತ್ತಿದ್ದಾರೆ ಅಂದರು, ಗೊಬ್ಬರದ ಮೂಟೆಯಲ್ಲಿ ನೋಟು ತುಂಬಿಟ್ಟಿದ್ದಾರೆ ಅಂದರು. ಬಸ್ಸಿಗೋಸ್ಕರ ಒಬ್ಬ ಎಮ್ಮೆಲ್ಲೆ ಓಟು ಕೊಟ್ಟ ಅಂತ ಯಾರಿಗಾದರೂ ಹೇಳಿದ್ದರೆ ನಗುತ್ತಿದ್ದರು. ರಾಯಕೋಟೆಗೆ ಹೋದಾಗ ನನ್ನ ಸ್ವಂತ ತಮ್ಮನೇ ಊಟದ ಎಲೆಯ ಮುಂದೆ ದನಿ ತಗ್ಗಿಸಿ, "ಅಕ್ಕ, ಬಾವ ನಿನ್ ಹೆಸರಲ್ಲಿ ಏನಾದ್ರೂ ಇಟ್ಟವ್ರಾ?" ಅಂತ ಕೇಳಿದ. ಇಟ್ಟವ್ರೆ ಕಣ್ಲಾ, ಉಪ್ಪಿನಕಾಯಿ ಜಾಡಿ, ನಿನ್ನ ಅಟ್ಟದ ಮೇಲೇ ಐತೆ ಅಂದೆ. ಅವನು ನಗಲಿಲ್ಲ, ಬಚ್ಚಿಡುತ್ತಿದ್ದೇನೆ ಅಂದುಕೊಂಡ.

ಇಷ್ಟೆಲ್ಲ ಮಾಡಿ ಉಳಿಸಿದ ಸರ್ಕಾರ ಆ ವರ್ಷ ಮುಗಿಯುವಷ್ಟರಲ್ಲಿ ಬಿತ್ತು. ಚುನಾವಣೆಯಲ್ಲಿ ಇವರ ಠೇವಣಿಯೂ ಉಳಿಯಲಿಲ್ಲ. ಬಸ್ಸು ಮಾತ್ರ ಓಡುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕಾದರೆ ಇನ್ನೊಂದು ಆರ್ಡರು ಬೇಕು, ಅಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಇವರು ಅಂಗಡಿಗೆ ಮರಳಿದರು. ಗಿರಾಕಿ ಕಡಿಮೆಯಾಗಿದ್ದರು. ಸಾಯಂಕಾಲ ಜಗುಲಿಯಲ್ಲಿ ನಾವಿಬ್ಬರೇ ಕೂರುತ್ತಿದ್ದೆವು.

ಹೀಗೇ ಒಂದೆರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಆ ಹುಡುಗಿ ಬಂದಳು. ಮೈ ತುಂಬಿಕೊಂಡಿದ್ದಳು, ಕೈಗೆ ವಾಚು ಕಟ್ಟಿದ್ದಳು. ಶೆಡ್ಡಿನಲ್ಲಿ ಈಗ ಬೇರೆ ಹುಡುಗಿಯರಿಗೆ ಕೆಲಸ ಕಲಿಸುವುದು ಅವಳೇ ಅಂತೆ. ಅಲ್ಲೇ ಲೇತ್ ಕೆಲಸ ಮಾಡುವ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು, ಅಪ್ಪನೂ ಒಪ್ಪಿದ್ದ. ಲಗ್ನಪತ್ರಿಕೆ ಕೊಟ್ಟು, ಇವರ ಮುಂದೆ ಎರಡು ನಿಂಬೆಹಣ್ಣು ಇಟ್ಟಳು.

"ಅಣ್ಣ, ಬಸ್ಸಲ್ಲಿ ಜನ ಏನೇನೋ ಮಾತಾಡ್ತಾರೆ," ಅಂದಳು. "ನೀವು ಅವತ್ತು ಮೂಟೆಗಟ್ಲೆ ದುಡ್ಡು ತಿಂದ್ರಿ ಅಂತಾರೆ. ನಂಗೆ ತಡಿಯಾಕಾಗಾಕಿಲ್ಲ. ನಾನು ಜಗಳಕ್ಕೇ ಹೋಗ್ತೀನಿ. ತಿಂದ್ರೆ ತಿಂದ್ಕಳ್ಳಿ ಬುಡ್ರಿ, ಯಾರು ತಿನ್ನಾಕಿಲ್ಲ, ಈ ಅಣ್ಣ ತಿಂದ್ರೂ ನಮಗೊಂದು ಬಸ್ಸು ತಂದ್ಕೊಟ್ರು ಅಂತೀನಿ."

ಕಾಫಿ ತಟ್ಟೆ ಕೆಳಗಿಟ್ಟು, ನಿಜ ಹೇಳಲು ಬಾಯಿ ತೆರೆದೆ. ಇವರು ನನ್ನತ್ತ ನೋಡಿ, ಬೇಡ ಅನ್ನುವಂತೆ ಕಣ್ಣು ಸಣ್ಣಗೆ ಮಾಡಿದರು.

"ಸರಿಯಾಗೇ ಹೇಳ್ತಿದ್ದೀಯ ಕಣಮ್ಮ," ಅಂದರು ಅವಳಿಗೆ. "ಹಂಗೇ ಹೇಳು."

ಅವಳು ಇಬ್ಬರ ಕಾಲಿಗೂ ಬಿದ್ದು ಹೋದಳು. ಅವಳು ಬೀದಿ ದಾಟುವವರೆಗೆ ತಡೆದಿದ್ದೆ. ಆಮೇಲೆ ಯಾಕ್ರೀ ಸುಮ್ನಿದ್ರಿ, ಊರು ಬಿಡಿ, ಅವಳಿಗಾದ್ರೂ ನಿಜ ಗೊತ್ತಾಗಬಾರದಾ ಅಂತ ಕೂಗಾಡಿದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

ಇವರು ಲಗ್ನಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. "ಗೊತ್ತಾದ್ರೆ ಆ ಮಗು ದಿನಾ ಬೆಳಿಗ್ಗೆ ಬಸ್ಸು ಹತ್ತುವಾಗೆಲ್ಲ ನನ್ನ ಹೆಸರು ಕೆಟ್ಟಿದ್ದನ್ನ ನೆನೀಬೇಕು ಕಣೇ," ಅಂದರು. "ಬ್ಯಾಡ. ಟಿಕೀಟು ತಗೊಂಡು ನಿದ್ದೆ ಮಾಡ್ಕಂಡು ಹೋಗ್ಲಿ ಬುಡು."

ನಾನು ಆ ಎರಡು ನಿಂಬೆಹಣ್ಣನ್ನು ಉಪ್ಪಿನಕಾಯಿಗೆ ಹಾಕಲಿಲ್ಲ. ಹಿಂಡಿ ಪಾನಕ ಮಾಡಿದೆ. ಇಬ್ಬರೂ ಜಗುಲಿಯ ಮೇಲೆ ಕೂತು ಕುಡಿದೆವು. ಸಕ್ಕರೆ ಸ್ವಲ್ಪ ಕಡಿಮೆಯಾಗಿತ್ತು, ಎದ್ದು ಹೋಗಿ ತರಲು ಇಬ್ಬರಿಗೂ ಮನಸ್ಸಾಗಲಿಲ್ಲ.