ಬಿರುಕು ಬಿಟ್ಟ ಹಳಿಯ ಮೇಲೆ ಅಕ್ಕನ ರೈಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ರೈಲು ಹಳಿಯ ಪಕ್ಕದಲ್ಲೇ ಇತ್ತು. ಅಪ್ಪ ಆ ಹಳಿಗಳನ್ನು ನೋಡಿಕೊಳ್ಳುವ ಗ್ಯಾಂಗ್‌ಮನ್. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಾಕಿದ ಹಳಿಗಳು ಅವು. ಚಕ್ರಗಳು ಉಜ್ಜಿ ಉಜ್ಜಿ ಅವುಗಳ ತಲೆ ಸವೆದುಹೋಗಿತ್ತು. ಬಿಸಿಲೇರಿದರೆ ಹಳಿಯ ಕೆಳಗಿನ ಮರದ ದಿಮ್ಮಿಗಳಿಂದ ಡಾಂಬರಿನ ವಾಸನೆ ಏಳುತ್ತಿತ್ತು.

ಅಂದು ಹೊಸದಾಗಿ ಮದುವೆಯಾದ ಅಕ್ಕ ಗಂಡನ ಮನೆಗೆ ಹೊರಟಿದ್ದಳು. ಸ್ಟೇಷನ್ನಿಗೆ ಬಂದು ಕಳಿಸಿಕೊಡುತ್ತೇನೆಂದು ಅಪ್ಪ ಹೇಳಿದ್ದ. ಆದರೆ ಬೆಳಿಗ್ಗೆ ಹಳಿಯುದ್ದಕ್ಕೂ ನಡೆದುಹೋದಾಗ ಅವನಿಗೆ ಒಂದು ಕಡೆ ಬಿರುಕು ಕಂಡಿತ್ತು. ರೈಲಿನ ಹೊತ್ತಾದರೂ ಅಪ್ಪ ಬಾರದಿದ್ದಾಗ ಅಮ್ಮ ನನ್ನನ್ನು ಅವನ ಬಳಿಗೆ ಓಡಿಸಿದಳು.

ನಾನು ಹೋಗುವಷ್ಟರಲ್ಲಿ ಅಪ್ಪನೂ ಅವನ ಜೊತೆಯವರೂ ಬಿರುಕಿನ ಎರಡೂ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದಿದ್ದರು. ರೈಲು ಅದರ ಮೇಲೆ ನಡಿಗೆಯ ವೇಗದಲ್ಲೇ ದಾಟಬೇಕಿತ್ತು.

"ನಾನು ಬರೋ ಹಾಗಿಲ್ಲ ಮಗಾ. ಇಲ್ಲೇ ನೋಡ್ತೀನಿ ಅವಳನ್ನ," ಎಂದ ಅಪ್ಪ.

ರೈಲು ಬಂತು. ಅಪ್ಪ ಹಸಿರು ಬಾವುಟ ಹಿಡಿದು ಬಗ್ಗಿ ನಿಂತ. ಒಂದೊಂದೇ ಚಕ್ರ ಬಿರುಕಿನ ಮೇಲೆ ಹತ್ತಿ ಇಳಿಯುತ್ತಿತ್ತು. ಕಿಟಕಿಯಿಂದ ಅಕ್ಕ ಕೈ ಚಾಚಿ ಅಪ್ಪನ ಹೆಗಲು ಮುಟ್ಟಿದಳು.

"ಅಪ್ಪಾ, ಹೋಗ್ಬರ್ತೀನಿ."

"ಹೋಗ್ಬಾ ತಾಯಿ," ಎಂದ ಅಪ್ಪ. ಕಣ್ಣನ್ನು ಮಾತ್ರ ಹಳಿಯಿಂದ ಎತ್ತಲಿಲ್ಲ. ಅವಳಿದ್ದ ಡಬ್ಬಿಯ ಚಕ್ರಗಳೂ ಇನ್ನೂ ದಾಟಬೇಕಿತ್ತು.

ನಾನು ಅಕ್ಕನ ಬೆರಳು ಹಿಡಿದು ಜಲ್ಲಿಯ ಮೇಲೆ ಬರಿಗಾಲಲ್ಲಿ ಓಡಿದೆ. ಅವಳ ಕೈಯಲ್ಲಿನ್ನೂ ಗೋರಂಟಿಯ ವಾಸನೆಯಿತ್ತು. ಕೊನೆಯ ಡಬ್ಬಿ ಬಿರುಕು ದಾಟಿದ್ದೇ ಎಂಜಿನ್ ಕೂಗಿತು, ಬೆರಳು ಜಾರಿಹೋಯಿತು. ತಿರುಗಿ ನೋಡಿದರೆ ಅಪ್ಪ ಜಲ್ಲಿಯ ಮೇಲೆ ಕೂತು ಹಸಿರು ಬಾವುಟದಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ.

ಗೌರಿ ಹಬ್ಬಕ್ಕೆ ಅಕ್ಕ ಬಂದಳು, ಆದರೆ ನೆಂಟಳಾಗಿ ಬಂದಳು.

ಮಕ್ಕಳೇ, ಈಗ ಜಪಾನಿನಲ್ಲಿ, ಗ್ಯೋಟೋಕುವಿನ ನಿಮ್ಮ ಬಾಲ್ಕನಿಯಲ್ಲಿ ಕೂತು ನಾನು ದಿನವೂ ತೋಜಾಯ್ ಲೈನಿನ ಮೆಟ್ರೋ ರೈಲುಗಳನ್ನು ನೋಡುತ್ತೇನೆ. ನುಣುಪಾದ ಹಳಿಗಳು. ಸ್ವಲ್ಪ ತಡವಾದರೂ ಮೈಕಿನಲ್ಲಿ ಕ್ಷಮೆ ಕೇಳುತ್ತಾರೆ. ಒಳಗಿನ ಮುಖ ಯಾರದೆಂದು ತಿಳಿಯುವ ಮೊದಲೇ ರೈಲು ಹೋಗಿರುತ್ತದೆ.

ಈ ಕಥೆ ಕೇಳಿ ಮೊಮ್ಮಗಳು ಕೇಳಿದಳು: "ಅಜ್ಜಿ, ಅಷ್ಟು ಸ್ಲೋ ಹೋದ್ರೆ ಎಲ್ರಿಗೂ ಲೇಟ್ ಆಗಲ್ವಾ?"

"ಆಗುತ್ತೆ ಪುಟ್ಟಿ," ಎಂದೆ. "ಇನ್ನೂ ಸ್ವಲ್ಪ ಲೇಟಾಗ್ಲಿ ಅಂತ ಬೇಡ್ಕೊಂಡೇ ನಾನು ಅಕ್ಕನ ಬೆರಳು ಹಿಡ್ಕೊಂಡು ಓಡ್ತಿದ್ದೆ."